ಅತಿಥಿಗೆ ತಿಥಿಯಿಲ್ಲ



ಅಮೆರಿಕದ ಟೆಕ್ಸಾಸ್ ಪ್ರಾಂತದ ಎಲ್ ಪಾಸೊ ನಗರವು ಮೆಕ್ಸಿಕೋ ಗಡಿಯಲ್ಲಿದೆ. ಅಲ್ಲಿ 1978ರಲ್ಲಿ ಆರಂಭಗೊಂಡ ಅನನ್ಸಿಯೇಷನ್ ಹೌಸ್ ಎಂಬ ಕ್ಯಾಥೊಲಿಕ್ ಆಶ್ರಯಗೃಹವು ಕಾಗದಪತ್ರಗಳಿಲ್ಲದೆ ಬಂದ ವಲಸಿಗರಿಗೂ ಅನ್ನವನ್ನೂ ಹಾಸಿಗೆಯನ್ನೂ ನೀಡುತ್ತ ಬಂದಿದೆ. ಬೇಸಿಗೆಯಲ್ಲಿ ಸ್ವಯಂಸೇವಕರು ಸಂಬಳವಿಲ್ಲದೆ ಅಲ್ಲಿಯೇ ವಾಸಿಸಿ ಅವರ ಸೇವೆ ಮಾಡುವರು.

ಅತಿಥಿಯೆಂದರೆ ತಿಥಿ ನೋಡದೆ ಬರುವವನು. ಅವನಲ್ಲಿಯೂ ಶ್ರೀಹರಿಯೇ ಅಂತರ್ಯಾಮಿ. ಜನಸೇವೆಯು ಭಗವಂತನಿಗೆ ಸಲ್ಲಿಸಬೇಕಾದ ಕರವೆಂದು ಶ್ರೀಮದಾಚಾರ್ಯರು ತಿಳಿಸಿರುವರು. ಕರವು ದಾನವಲ್ಲ, ಋಣ. ಕೊಟ್ಟೆವೆಂದು ಬೀಗಲು ಅವಕಾಶವಿಲ್ಲ.

ಗಡಿಯ ವಿಚಾರವನ್ನು ಸರಕಾರಗಳು ನೋಡಿಕೊಳ್ಳಲಿ; ಹಸಿವಿಗೆ ಕಾಗದಪತ್ರವಿಲ್ಲ. ನಾವೂ ಒಂದು ದಿನ ಟ್ರಂಕು-ಹಾಸಿಗೆಗಳೊಡನೆ ಈ ಪರನಗರದಲ್ಲಿ ಇಳಿದವರೇ. ಅಂದು ಯಾರೋ ಬಾಗಿಲು ತೆರೆದರು. ಆ ಕರ ಇನ್ನೂ ಬಾಕಿಯಿದೆ. ಈ ರಜೆಯಲ್ಲಿ ಮಕ್ಕಳೊಡನೆ ಹತ್ತಿರದ ನಿರಾಶ್ರಿತರ ಸೇವೆಗೆ ಹೋಗೋಣ; ಮಾಡಿದ್ದನ್ನು ಶ್ರೀಕೃಷ್ಣಾರ್ಪಣವೆನ್ನೋಣ.