ಬಿಟ್ಟಿ ಸಿಕ್ಕ ಕತೆ ಯಾರದು?

ನನ್ನ ಮಗಳು ಏಳನೇ ತರಗತಿ. ಶಾಲೆಯ ಕೈಬರಹದ ಪತ್ರಿಕೆಗೆ ಅವಳು ಕೊಟ್ಟ ಕತೆಯನ್ನು ಮೇಡಂ ತರಗತಿಯಲ್ಲಿ ಓದಿ ಹೊಗಳಿದರಂತೆ. ಕತೆಗಾರನ ಮಗಳಲ್ಲವೇ ಎಂದು ಯಾರೋ ಅಂದಾಗ ನನಗೂ ಒಳಗೊಳಗೇ ಹಿಗ್ಗು. ಎರಡು ದಿನ ಕಳೆದು, ಅವಳ ತಮ್ಮನಿಗೆ ಓದಿ ಹೇಳೋಣವೆಂದು ಮೊಬೈಲಿನಲ್ಲಿ ಸ್ಟೋರಿವೀವರ್ ತೆರೆದರೆ ಅದೇ ಕತೆ ಅಲ್ಲಿತ್ತು. ಮೊಲವನ್ನು ಇವಳು ಅಳಿಲು ಮಾಡಿದ್ದಳು, ಊರನ್ನು ನಮ್ಮೂರು ಮಾಡಿದ್ದಳು. ಉಳಿದದ್ದೆಲ್ಲ ಇನ್ಯಾರದೋ.

ಕರೆದು ಕೇಳಿದೆ. ಅವಳು ಅಳಲಿಲ್ಲ. "ಯಾರು ಬೇಕಾದರೂ ಬಳಸಬಹುದು, ಬದಲಾಯಿಸಬಹುದು ಅಂತ ಅಲ್ಲೇ ಬರೆದಿದೆಯಲ್ಲ ಅಬ್ಬಾ" ಎಂದಳು.

ಮಾತು ಸುಳ್ಳಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಈ ತಾಣವನ್ನು ತೆರೆದದ್ದೇ ಅದಕ್ಕಾಗಿ. ಕತೆ ಓದಲು ಕಾಸು ಕೊಡಬೇಕಿಲ್ಲ. ಇಳಿಸಿಕೊಳ್ಳಬಹುದು, ಅಚ್ಚು ಹಾಕಿಸಬಹುದು, ಮಾರಲೂಬಹುದು. ಒಂದು ಭಾಷೆಯದನ್ನು ಇನ್ನೊಂದಕ್ಕೆ ತರುವುದಕ್ಕೂ ಯಾರ ಅಪ್ಪಣೆಯೂ ಬೇಡ. ನಮ್ಮಂಥ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ. ನಾನು ಉರ್ದು ಶಾಲೆಯಲ್ಲಿದ್ದಾಗ ಪಠ್ಯಪುಸ್ತಕ ಬಿಟ್ಟರೆ ಮಕ್ಕಳ ಪುಸ್ತಕವನ್ನೇ ಕಂಡವನಲ್ಲ. ಕನ್ನಡ ಶಾಲೆಗೆ ಬಂದ ಮೇಲೆ ಹರಿದ ಚಂದಮಾಮಗಳನ್ನು ಯಾರ್ಯಾರದೋ ಮನೆಯಿಂದ ಬೇಡಿ ತಂದು ಓದಿದೆ. ಈಗ ನನ್ನ ಮಗ ಅದೇ ಚಿತ್ರದ ಪಕ್ಕದಲ್ಲಿ ಒಮ್ಮೆ ಕನ್ನಡವನ್ನೂ ಒಮ್ಮೆ ಉರ್ದುವನ್ನೂ ಓದುತ್ತಾನೆ. ಹೀಗೆ ಬಾಗಿಲು ತೆರೆದಿಟ್ಟವರ ಮೇಲೆ ನನ್ನ ದೂರಿಲ್ಲ.

ಆದರೆ ಆ ಅಪ್ಪಣೆಗೆ ಒಂದು ಷರತ್ತಿದೆ. ಬರೆದವರ ಹೆಸರು ಹೇಳಬೇಕು. ಬದಲಾಯಿಸಿದ್ದರೆ ಬದಲಾಯಿಸಿದ್ದೇವೆ ಎನ್ನಬೇಕು. ಕತೆ ಬರೆದವರು, ಚಿತ್ರ ಬಿಡಿಸಿದವರು, ಅನುವಾದಿಸಿದವರು ಎಲ್ಲರ ಹೆಸರೂ ಅಲ್ಲಿರುತ್ತದೆ. ಮಗಳು ಅಪ್ಪಣೆಯನ್ನು ಓದಿದ್ದಳು, ಷರತ್ತನ್ನು ಓದಿರಲಿಲ್ಲ. ಅಪ್ಪಣೆ ಇದ್ದಮೇಲೆ ಅದು ಕಳ್ಳತನವಲ್ಲ, ಒಪ್ಪಿದೆ. ಆದರೆ ಸುಳ್ಳು? ಆ ಸುಳ್ಳು ಎಲ್ಲೋ ಇರುವ ಲೇಖಕಿಯೊಬ್ಬಳಿಗೆ ಹೇಳಿದ್ದಷ್ಟೇ ಅಲ್ಲ, ಮೆಚ್ಚಿಕೊಂಡು ಓದಿದ ಮೇಡಂಗೆ, ಪಕ್ಕದಲ್ಲಿ ಕೂತ ಗೆಳತಿಗೆ ಹೇಳಿದ್ದು. ಬಿಟ್ಟಿ ಎಂದರೆ ವಾರಸುದಾರರಿಲ್ಲದ್ದು ಎಂದು ನಾವು ದೊಡ್ಡವರೇ ತಿಳಿದಿರುವಾಗ ಹನ್ನೆರಡು ವರ್ಷದ ಹುಡುಗಿಗೆ ಏನು ಹೇಳುವುದು?

ನಾನು ಕಲಿತ ಎರಡು ಭಾಷೆಗಳೂ ಈ ವಿಷಯದಲ್ಲಿ ಜಾಣತನ ತೋರಿವೆ. ಗಜಲಿನ ಕೊನೆಯ ಶೇರಿನಲ್ಲಿ ಕವಿ ತನ್ನ ತಖಲ್ಲುಸನ್ನು ನೇಯ್ದಿಡುತ್ತಾನೆ. ವಚನಕ್ಕೆ ಅಂಕಿತವಿದೆ, ಅದು ದೇವರ ಹೆಸರಾದರೂ ವಚನ ಯಾರದೆಂದು ಅದರಿಂದಲೇ ಗೊತ್ತಾಗುತ್ತದೆ. ಪುಸ್ತಕ ಕೈಯಲ್ಲಿಲ್ಲದೆ ಬಾಯಿಂದ ಬಾಯಿಗೆ ಹೋಗುವ ಮಾತು ಹೇಳಿದವರನ್ನೂ ಜೊತೆಗೇ ಹೊತ್ತುಕೊಂಡು ಹೋಗುತ್ತಿತ್ತು. ಈಗ ಕೇಳಿದ್ದಕ್ಕೆಲ್ಲ ಪ್ರಬಂಧ, ಕತೆ ಬರೆದುಕೊಡುವ ಯಂತ್ರಗಳು ಬಂದಿವೆ. ಅವು ಯಾರ್ಯಾರಿಂದ ಕಲಿತವೋ, ಬರೆದುಕೊಟ್ಟ ಕತೆಯಲ್ಲಿ ಆ ಹೆಸರುಗಳ ಸುಳಿವಿರುವುದಿಲ್ಲ. ಮಗಳು ನಾಳೆ ಅಲ್ಲಿಗೆ ಹೋದರೆ ಹೇಳಲು ಒಂದು ಹೆಸರೂ ಸಿಗದು.

ಇದನ್ನೆಲ್ಲ ಸ್ವಲ್ಪ ಉದ್ದವಾಗಿಯೇ ಹೇಳಿದೆನೆಂದು ಕಾಣುತ್ತದೆ. ಅವಳು ಕೇಳಿಸಿಕೊಂಡು, "ನಿಮ್ಮ ಬಾವಿಯ ಕತೆ ದಾದಿ ಹೇಳಿದ್ದು ಅಂದಿದ್ರಿ. ಪುಸ್ತಕದಲ್ಲಿ ಅವರ ಹೆಸರೆಲ್ಲಿದೆ?" ಎಂದಳು.

ಇಲ್ಲ. ಅದು ನನಗೆ ಹೆಸರು ತಂದುಕೊಟ್ಟ ಮೊದಲ ಕತೆ. ಜನಪದ ಕತೆ ಎಲ್ಲರದ್ದು, ನಾನು ಅದನ್ನು ತಿದ್ದಿ ಬೆಳೆಸಿದ್ದೇನೆ ಎಂದು ವಾದಿಸಹೊರಟೆ. ಅದು ಅವಳ ಅಳಿಲಿನ ವಾದವೇ ಎಂದು ನನಗೇ ಕೇಳಿಸಿತು. ಎ.ಕೆ. ರಾಮಾನುಜನ್ ಕನ್ನಡದ ಅಜ್ಜಿಯರ ಕತೆಗಳನ್ನು ಇಂಗ್ಲಿಷಿಗೆ ಕೊಂಡೊಯ್ದಾಗ ಕತೆ ಯಾರಿಂದ, ಯಾವ ಊರಿನಲ್ಲಿ ಸಿಕ್ಕಿತೆಂದು ಟಿಪ್ಪಣಿ ಇಟ್ಟವರು. ನಾನು ಸ್ವಂತ ಅಜ್ಜಿಗೂ ಅಷ್ಟು ಮಾಡಲಿಲ್ಲ.

ಮಗಳು ಮೇಡಂಗೆ ಹೇಳಿ, ಕತೆಯ ಕೆಳಗೆ ಮೂರು ಹೆಸರು ಬರೆದು, 'ಅಳಿಲು ನನ್ನದು' ಎಂದು ಸೇರಿಸಿದಳು. ನನ್ನ ಪುಸ್ತಕದ ಮರುಮುದ್ರಣ ಬರಲಿದೆ. ದಾದಿಯ ಪೂರ್ತಿ ಹೆಸರು ನನಗೆ ನೆನಪಿಗೆ ಬರಲೇ ಇಲ್ಲ, ಆಪಾಗೆ ಫೋನ್ ಮಾಡಿದೆ. ಹೆಸರು ಹೇಳಿದ ಆಪಾ, ಆ ಕತೆ ದಾದಿಯದ್ದೂ ಅಲ್ಲ ಎಂದಳು. ಬೀಡಿ ಕಟ್ಟುವಾಗ ಜೊತೆಗೆ ಕೂರುತ್ತಿದ್ದ ಪಕ್ಕದ ಮನೆಯ ಅಜ್ಜಿ ಕನ್ನಡದಲ್ಲಿ ಹೇಳಿದ್ದಂತೆ, ದಾದಿ ನಮಗೆ ದಖನಿಯಲ್ಲಿ ಹೇಳಿದ್ದಂತೆ. ಆ ಅಜ್ಜಿಯ ಮೊಮ್ಮಗ ಈಗಲೂ ಅದೇ ಬೀದಿಯಲ್ಲಿದ್ದಾನಂತೆ. ಈ ಭಾನುವಾರ ಹೋಗಬೇಕು.