ವೈಯಾವೃತ್ತ್ಯವೂ ತಪವೇ



ನಮ್ಮ ಬಸರಾಳಿನ ಶ್ರಾವಕರೊಬ್ಬರಿಗೆ ಗಂಟಲಿನ ಅರ್ಬುದರೋಗ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ವಿಕಿರಣ ಚಿಕಿತ್ಸೆ ನಡೆದಿರಲು ದಶಲಕ್ಷಣ ಪರ್ವವು ಬಂದಿತು. ಶನಿವಾರ ಊರಿಗೆ ಬಂದವರು, "ಔಷಧ ಸಾಕು, ಸಲ್ಲೇಖನ ಕೈಗೊಳ್ಳುವೆನು" ಎಂದರು. ವೈದ್ಯರಾದರೋ ಗುಣವಾಗುವ ಭರವಸೆ ಕೊಟ್ಟಿದ್ದರು. ಮಗನು ನನ್ನಲ್ಲಿಗೆ ಬಂದು, "ಮೇಷ್ಟ್ರೇ, ಅಪ್ಪನನ್ನು ತಡೆದರೆ ಪಾಪವೇ?" ಎಂದು ಕಣ್ಣೀರಿಟ್ಟನು.

ಪ್ರತೀಕಾರವಿಲ್ಲದ ಉಪಸರ್ಗ, ಬರ, ಮುಪ್ಪು, ರೋಗಗಳೊದಗಿದಾಗ ಮಾತ್ರ ಸಲ್ಲೇಖನವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿರುವರು. ಅವರೇ ಭಸ್ಮಕವ್ಯಾಧಿಯಿಂದ ನೊಂದು ಸಲ್ಲೇಖನ ಬೇಡಿದಾಗ, ಗುರುಗಳು ಒಪ್ಪದೆ, ಮೊದಲು ರೋಗವನ್ನು ನೀಗಿಕೊಳ್ಳೆಂದರೆಂಬುದು ಪರಂಪರೆಯ ಕಥೆ. ಹಿರಿಯರ ಹಾಸಿಗೆಯ ಬಳಿ ಕುಳಿತು ಇದನ್ನು ನೆನಪಿಸಿದೆನು. ಬಹಳ ಹೊತ್ತು ಸುಮ್ಮನಿದ್ದು, ಸೊಸೆ ತಂದ ಗಂಜಿಗೆ ಕೈಯೊಡ್ಡಿದರು. ಸೋಮವಾರ ಚಿಕಿತ್ಸೆಗೆ ಹೊರಟರು.

ಮಗನಿಗೆ ಹತ್ತು ದಿನವೂ ಉಪವಾಸವಿರುವ ಬಯಕೆ. ತಂದೆಯನ್ನು ಎತ್ತಿ ಕೂರಿಸಲು ತೋಳಿನಲ್ಲಿ ಬಲ ಬೇಕೆಂದು ಏಕಾಶನವನ್ನೇ ಕೈಕೊಂಡು, ತಪ ತಪ್ಪಿತೆಂದು ಕೊರಗಿದನು. ತತ್ತ್ವಾರ್ಥಸೂತ್ರವು ಅನಶನವನ್ನು 6 ಬಾಹ್ಯ ತಪಗಳಲ್ಲಿ ಎಣಿಸಿದರೆ, ವೈಯಾವೃತ್ತ್ಯವನ್ನು 6 ಆಭ್ಯಂತರ ತಪಗಳಲ್ಲಿ ಎಣಿಸಿದೆ. ಸೇವಾರ್ಹರಲ್ಲಿ 'ಗ್ಲಾನ'ನನ್ನೂ, ಎಂದರೆ ರೋಗಪೀಡಿತ ಮುನಿಯನ್ನೂ, ಹೆಸರಿಸಿದೆ. ಆ ಸೇವಾಭಾವವನ್ನು ಶ್ರಾವಕನು ತನ್ನ ಮನೆಯ ಹಾಸಿಗೆಯ ಬಳಿಯೇ ಕಲಿಯಬೇಕು.

ಗುಣವಾಗುವುದು ಕರ್ಮಾಧೀನ, ಗಂಜಿಯ ಬಟ್ಟಲು ಹಿಡಿಯುವುದು ನಮ್ಮ ಅಧೀನ. ಅದನ್ನು ಬಿಡದಿರೋಣ.