ಎರಡು ಬಾಗಿಲು, ಒಂದು ಮಾತು

ನಂಬಿಕೆಗೆ ಯೋಗ್ಯವಾದುದು ಯಾವುದು? ಯಾರು ಎಲ್ಲಿಂದ ಕೇಳಿದರೂ ಒಂದೇ ಮಾತನ್ನು ಹೇಳುವುದು ಎಂದು ಲೋಕವು ಉತ್ತರ ಕೊಡುತ್ತದೆ. ಪೀಣ್ಯದ ಕಾರ್ಖಾನೆಗಳಲ್ಲಿ ಈ ಉತ್ತರಕ್ಕೆ ಲೋಹವೇ ಒರೆಗಲ್ಲು.

ಅಲ್ಲಿನ ಸಿ.ಎನ್.ಸಿ. ಯಂತ್ರವು ಅಂಕಿ ಅಕ್ಷರಗಳ ಆಜ್ಞೆಯಂತೆ ಉಕ್ಕನ್ನು ಕೊರೆಯುವುದು. ನಕ್ಷೆಯಿಂದ ಆ ಆಜ್ಞೆಗಳನ್ನು ಹೊರಡಿಸುವ ತಂತ್ರಾಂಶಕ್ಕೆ ಆಯಾ ಯಂತ್ರದ ಭಾಷೆಯನ್ನು ಕಲಿಸುವುದು ಪ್ಲಗಿನ್ ಎಂಬ ಚಿಕ್ಕ ಜೋಡಣೆ. ಇದನ್ನು ಪರದೆಯ ಗುಂಡಿಯನ್ನೊತ್ತಿಯೂ ನಡೆಸಬಹುದು, ಒಂದು ಸಾಲಿನ ಆಜ್ಞೆಯನ್ನು ಬರೆದೂ ನಡೆಸಬಹುದು. ಪರದೆಯಲ್ಲಿ ಮಿಲಿಮೀಟರನ್ನು ಆರಿಸಿದಾಗ ಸರಿಯಾಗಿ ನಡೆದ ಜೋಡಣೆಯು, ಬರೆದ ಆಜ್ಞೆಯಲ್ಲಿ ಅಳತೆಯ ಹೆಸರು ಕಾಣದಿರಲು ಅಂಗುಲವೆಂದು ತಾನೇ ಊಹಿಸಿಕೊಂಡರೆ, ಜಿ21 ಇರಬೇಕಾದಲ್ಲಿ ಜಿ20 ಬೀಳುವುದು, ಅಳತೆಯು 25.4 ಪಟ್ಟು ಕೆಡುವುದು.

ಇಂತಹ ಮೌನದ ಬೆಲೆಯನ್ನು ಲೋಕವು 1999ರಲ್ಲಿ ಕಂಡಿತು. ಒಂದು ತಂತ್ರಾಂಶವು ಪೌಂಡಿನ ಮಾನದಲ್ಲಿ ಕೊಟ್ಟ ಲೆಕ್ಕವನ್ನು ಮತ್ತೊಂದು ನ್ಯೂಟನ್ನಿನದೆಂದು ಗ್ರಹಿಸಿದುದರಿಂದ, ಮಂಗಳಗ್ರಹವನ್ನು ಸುತ್ತಬೇಕಾಗಿದ್ದ ಅಮೆರಿಕದ ನೌಕೆಯು ನಷ್ಟವಾಯಿತು.

“ಪರದೆಗೆಂದೇ ರಚಿಸಿದೆ; ಬೇರೆ ದಾರಿಯ ಹೊಣೆ ನನಗೇಕೆ?” ಎಂದು ರಚಿಸಿದವನು ಕೇಳಬಹುದು. ಎಲ್ಲ ಬಳಕೆಗಳನ್ನೂ ಮುಂಗಾಣುವುದು ಯಾರಿಗೂ ಸಾಧ್ಯವಿಲ್ಲವೆಂಬುದು ನಿಜ. ಆದರೆ ತಿಳಿಯದುದನ್ನು ತಿಳಿಯದೆಂದು ಹೇಳಿ ನಿಲ್ಲುವುದು ಸಾಧ್ಯ. ಅಳತೆಯನ್ನು ತಿಳಿಸಿರೆಂದು ಕೇಳಿ ಕೆಲಸ ನಿಲ್ಲಿಸುವ ಜೋಡಣೆಯು, ಊಹಿಸಿ ಮುಂದುವರಿಯುವುದಕ್ಕಿಂತ ಸತ್ಯವಂತವಾದುದು.

ಯಂತ್ರದ ಬಳಿ ನಿಂತ ಕೆಲಸಗಾರನು ಈ ಎರಡು ಬಾಗಿಲುಗಳಲ್ಲಿ ಯಾವುದನ್ನೂ ಕಂಡವನಲ್ಲ; ತಿರುಗುವ ಉಳಿಯ ಮುಂದಿರುವವನು ಮಾತ್ರ ಅವನೇ. ಊಹೆಯ ಸೌಕರ್ಯವು ಒಬ್ಬನಿಗೂ ಅದರ ಅಪಾಯವು ಮತ್ತೊಬ್ಬನಿಗೂ ಸಲ್ಲುವುದು ಧರ್ಮವಲ್ಲ.